ಕುದುರೆ ಮೇಲೆ ಕೂತು ಕೊಟ್ಟ ಮಾತು

ನನಗೆ ಐವತ್ತು ದಾಟಿದೆ. ಕುಶಾಲನಗರದಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ, ಮೈಸೂರಲ್ಲಿ ಓದೋ ಮಗಳಿದ್ದಾಳೆ, ಬೆಳಗ್ಗೆ ಎದ್ದರೆ ಬಿಪಿ ಮಾತ್ರೆ ಇದೆ. ಇದೆಲ್ಲದರ ಜೊತೆ ಹೋದ ಮಳೆಗಾಲದಲ್ಲಿ ನನಗೊಂದು ಕುದುರೆಯೂ ಇತ್ತು. ಟಿವಿಯೊಳಗಿನ ಕುದುರೆ. ಇದನ್ನ ಹೇಳೋಕೇ ನಾಚಿಕೆ ಆಗುತ್ತೆ. ಆದರೆ ಮುಂದೆ ಹೇಳಬೇಕಾದ್ದು ಇದಕ್ಕಿಂತ ಹೆಚ್ಚು ನಾಚಿಕೆಯದ್ದು, ಹಾಗಾಗಿ ಇಲ್ಲಿಂದಲೇ ಶುರು ಮಾಡ್ತೀನಿ.

ಮಗಳು ರಜಕ್ಕೆ ಬಂದವಳು ತನಗೆ ಬೇಡವಾದ ಗೇಮಿನ ಡಬ್ಬಿಯನ್ನ ಟಿವಿಗೆ ಸಿಕ್ಕಿಸಿ ಇಲ್ಲೇ ಬಿಟ್ಟು ಹೋದಳು. "ಮಳೆಗಾಲದಲ್ಲಿ ನಿಂಗೆ ಹೇಗೂ ಕೆಲಸ ಇರಲ್ಲ, ಆಡು ಅಪ್ಪ" ಅಂದಳು. ಅದು ಸುಳ್ಳಲ್ಲ. ಬೇಸಗೆಯಲ್ಲಿ ಕಾಫಿ ತೋಟಕ್ಕೆ ನೀರು ಹೊಡೆಯೋ ಕಾಲಕ್ಕೆ ಸುಟ್ಟ ಮೋಟಾರುಗಳು ನನ್ನ ಅಂಗಡಿ ಮುಂದೆ ಸಾಲುಗಟ್ಟಿರುತ್ತವೆ, ಊಟಕ್ಕೂ ಪುರಸೊತ್ತಿಲ್ಲ. ಮಳೆ ಹಿಡಿದರೆ ಒಂದು ನರಪಿಳ್ಳೆಯೂ ಇತ್ತ ಸುಳಿಯಲ್ಲ. ಅಂಗಡಿ ಬಾಗಿಲು ಅರ್ಧ ಎಳೆದು ಮನೆಗೆ ಬಂದು ಕೂರೋದು, ಕರೆಂಟ್ ಇದ್ದಷ್ಟು ಹೊತ್ತು ಆಡೋದು, ಹೋದರೆ ಕರೆಂಟಿನವರಿಗೆ ಬೈಯೋದು, ಇಷ್ಟೇ ಆಯ್ತು ನನ್ನ ದಿನಚರಿ.

ಆ ಆಟದ ಕತೆ ಏನು ಅಂತ ಕೇಳಿದರೆ ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಒಂದು ದೊಡ್ಡ ದೇಶ. ರಾಜ ಸತ್ತಿದ್ದಾನೆ, ರಾಕ್ಷಸರು ಎದ್ದಿದ್ದಾರೆ, ಲೋಕ ಉಳಿಸೋ ಜವಾಬ್ದಾರಿ ನನ್ನ ತಲೆ ಮೇಲೆ ಬಿದ್ದಿದೆ. ನಾನು ಲೋಕದ ಗೋಜಿಗೆ ಹೋಗಲಿಲ್ಲ. ನನಗೆ ಹಿಡಿಸಿದ್ದು ಒಂದೇ. ಅಲ್ಲಿ ಕಣ್ಣಿಗೆ ಕಂಡ ಬೆಟ್ಟಕ್ಕೆ ಹೋಗಬಹುದು. ಕೊಡಗಲ್ಲಿ ಹುಟ್ಟಿ ಬೆಳೆದವನಿಗೆ ಇದು ಎಂಥ ಆಸೆ ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಇಲ್ಲಿ ಎತ್ತ ನೋಡಿದರೂ ಬೆಟ್ಟ, ಆದರೆ ಹತ್ತೋಕೆ ಹೋದರೆ ಎಸ್ಟೇಟ್ ಗೇಟು, ಗೇಟಿಗೆ ಬೀಗ, ಬೀಗ ಇಲ್ಲದ ಕಡೆ ನಾಯಿ. ಅದನ್ನೂ ದಾಟಿದರೆ ಸೋಲಾರ್ ಬೇಲಿ, ಆನೆ ಕಂದಕ, ಕೊನೆಗೆ ಫಾರೆಸ್ಟಿನವರು. ಅರ್ಧ ಶತಮಾನ ನೋಡ್ತಾ ಬಂದ ಬೆಟ್ಟಗಳಲ್ಲಿ ನಾನು ಹತ್ತಿದ್ದು ಬೆರಳೆಣಿಕೆ. ಆ ದೇಶದಲ್ಲಿ ಕುದುರೆ ಹತ್ತಿ ಮೂಗಿನ ನೇರಕ್ಕೆ ಹೊರಟರೆ ಯಾರೂ "ಎಲ್ಲಿಗೆ?" ಅನ್ನಲ್ಲ. ತುದಿಗೆ ಹೋಗಿ ನಿಂತರೆ ಕೆಳಗೆ ಹೊಳೆ, ಹೊಗೆ ಆಡೋ ಊರುಗಳು, ಆಚೆಗೆ ಇನ್ನೊಂದು ಬೆಟ್ಟ. ಅಲ್ಲೂ ಮಳೆ ಬರುತ್ತೆ, ಆದರೆ ನಿಲ್ಲುತ್ತೆ.

ತೊಂದರೆ ಏನಂದರೆ, ಆ ದೇಶದಲ್ಲಿ ಎಲ್ಲರಿಗೂ ಮಾತಿನ ಚಟ. ಬಾವಿಕಟ್ಟೆಯ ಮುದುಕಿ, ಸೇತುವೆ ಕಾಯೋನು, ಕುಲುಮೆಯವನು, ಎಲ್ಲರೂ ನಿಲ್ಲಿಸಿಕೊಂಡು ತಮ್ಮ ಗೋಳು ಹೇಳ್ತಾರೆ. ಅದೂ ಇಂಗ್ಲಿಷಲ್ಲಿ, ಪಟಪಟ ಅಂತ. ನನ್ನ ಇಂಗ್ಲಿಷು ಮೋಟಾರಿನ ನೇಮ್ ಪ್ಲೇಟ್ ಓದೋಕೆ ಸಾಕು, ಅಷ್ಟೇ. ಮಗಳಿಗೆ ಫೋನ್ ಮಾಡಿದರೆ ನಕ್ಕಳು. "ಮೇಲಿನ ಬಟನ್ ಒತ್ತಪ್ಪ, ಮಾತು ಹಾರಿ ಹೋಗುತ್ತೆ. ಕೊನೇಲಿ ಒಪ್ಪಿಗೆನಾ ಅಂತ ಕೇಳುತ್ತೆ, ಹೌದು ಅಂತ ಒತ್ತು. ಏನ್ ಒಪ್ಕೊಂಡೆ ಅಂತ ಅದೇ ನೆನಪಿಟ್ಕೊಂಡು ಹಳದಿ ಚುಕ್ಕೆ ಹಾಕಿ ದಾರಿ ತೋರಿಸುತ್ತೆ." ಅವತ್ತಿಂದ ನಾನು ಯಾರ ಮಾತನ್ನೂ ಕೇಳಿದ್ದಿಲ್ಲ. ಬಾಯಿ ತೆರೆದರೆ ಸಾಕು, ಹೆಬ್ಬೆರಳು ತಾನೇ ಒತ್ತುತ್ತಿತ್ತು. ಒಂದು ಸಲ ಗಡ್ಡದ ಮುದುಕನೊಬ್ಬನಿಗೆ ಹೀಗೇ ಒಪ್ಪಿಗೆ ಕೊಟ್ಟು ಚುಕ್ಕೆ ಹಿಡಿದು ಹೋದೆ. ನೋಡಿದರೆ ನನಗೆ ಮಲಗೋಕೆ ಜಾಗ ಕೊಟ್ಟಿದ್ದ ಊರಿಗೇ ಬೆಂಕಿ ಇಡೋರ ಗುಂಪಲ್ಲಿ ನಿಂತಿದ್ದೀನಿ. ಮಗಳು, "ಅವನು ಏನ್ ಹೇಳ್ದ ಅಂತ ನೋಡ್ಲೇ ಇಲ್ವಾ?" ಅಂದಳು. ನಾನೂ ನಕ್ಕೆ. ಆಟ ತಾನೆ ಅಂದ್ಕೊಂಡೆ.

ಈಗ ಅಕ್ಕನ ವಿಷಯಕ್ಕೆ ಬರ್ತೀನಿ. ನನ್ನ ಅಕ್ಕನನ್ನ ಸಂಪಾಜೆ ಕಡೆಗೆ ಕೊಟ್ಟಿದೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅವಳ ಫೋನು ಬರುತ್ತೆ. ವಿಷಯಗಳೂ ಅವೇ, ಸಾಲೂ ಅದೇ. ಮೊದಲು ಮಂಡಿ ನೋವು, ಆಮೇಲೆ ಬಾಳೆಗೊನೆಗೆ ಬಂದ ಮಂಗಗಳು, ಆಮೇಲೆ ಹಾಲು ಕೊಡದ ಹಸು, ಆಮೇಲೆ ಬಾಯಿ ಬಿಡದ ನಮ್ಮ ಭಾವ, ಈಚೆಗೆ ಅವಳ ಮಗಳ ಮದುವೆ ತಯಾರಿ. ನಮಗೆ ಒಬ್ಬ ತಮ್ಮನೂ ಇದ್ದಾನೆ, ಎಸ್ಟೇಟೊಂದರಲ್ಲಿ ಜೀಪ್ ಡ್ರೈವರು, ಅವನ ಸುದ್ದಿ ಮಾತ್ರ ಅವಳು ಎತ್ತುತ್ತಿರಲಿಲ್ಲ. ಎತ್ತಿದರೆ ನಾನು ಫೋನ್ ಇಟ್ಟುಬಿಡ್ತೀನಿ ಅಂತ ಅವಳಿಗೆ ಗೊತ್ತಿತ್ತು. ಆ ಮಳೆಗಾಲದಲ್ಲಿ ನಾನು ಫೋನನ್ನ ಸ್ಪೀಕರಿಗೆ ಹಾಕಿ ಮಗ್ಗುಲಲ್ಲಿ ಇಟ್ಕೊಂಡು ಕುದುರೆ ಓಡಿಸ್ತಾ ಕೂರುತ್ತಿದ್ದೆ. ಅವಳು ಹೇಳ್ತಾ ಇದ್ದಳು, ನಾನು "ಹೌದಾ", "ಆಯ್ತಕ್ಕ", "ಆಗ್ಲಿ ಬಿಡು" ಅಂತಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಒಂದು ಸಂಜೆ ಅಕ್ಕ ಎಂದಿನ ಹೊತ್ತಿಗಿಂತ ಮುಂಚೆ ಫೋನ್ ಮಾಡಿದಳು. ಎತ್ತಿದ ಕೂಡಲೇ ಅಳು.

"ನಿನ್ನೆ ರಾತ್ರಿ ನಂಗೆ ನಿದ್ದೆ ಬರಲಿಲ್ಲ ಕಣೋ" ಅಂದಳು. "ನೀನು ಇಷ್ಟು ಸಲೀಸಾಗಿ ಒಪ್ಕೋತೀಯ ಅಂತ ನಾನು ಅಂದ್ಕೊಂಡೇ ಇರಲಿಲ್ಲ. ನಿಮ್ಮ ಭಾವನೂ ನಂಬಲಿಲ್ಲ. ಇನ್ನು ನನ್ನ ಮಗಳ ಮದುವೆ ಹೆಂಗಾದ್ರೂ ಆಗಲಿ, ನಂಗೆ ಚಿಂತೆ ಇಲ್ಲ."

ಏನು ಒಪ್ಪಿಕೊಂಡೆ? ನನಗೆ ಗೊತ್ತಿಲ್ಲ. ನಿನ್ನೆ ಸಂಜೆ ನಾನು ಹಿಮದ ಬೆಟ್ಟದಲ್ಲಿ ತೋಳಗಳ ಕೈಗೆ ಸಿಕ್ಕಿದ್ದೆ, ಅಷ್ಟು ನೆನಪಿದೆ. ಅದೇ ಹೊತ್ತಲ್ಲಿ ಅಕ್ಕ ನನ್ನ ಹತ್ತಿರ ಏನೋ ದೊಡ್ಡದನ್ನ ಕೇಳಿದ್ದಾಳೆ, ನಾನು ಆಯ್ತು ಅಂದಿದ್ದೀನಿ. ಆಗಲೇ "ಅಕ್ಕ, ನಾನು ಕಿವಿ ಕೊಟ್ಟಿರಲಿಲ್ಲ, ಇನ್ನೊಂದು ಸಲ ಹೇಳು" ಅಂದಿದ್ದರೆ ಮುಗೀತಿತ್ತು. ನಾನು ಅಂದಿದ್ದೇನು ಗೊತ್ತಾ? "ಅದರಲ್ಲೇನಿದೆ ಬಿಡಕ್ಕ" ಅಂದೆ. ಅವಳು ಇನ್ನೂ ಅತ್ತಳು.

ಹೆಂಡತಿಗೆ ಹೇಳಿದೆ. ನೀನೊಂದು ಸಲ ಮಾತಿಗೆ ಮಾತು ತೆಗೆದು ಅಕ್ಕನ ಹತ್ತಿರ ತಿಳ್ಕೋ ಅಂತ ಗೋಗರೆದೆ. ಅವಳು ಮುಸುರೆ ತೊಳೀತಾ ತಿರುಗಿ ಕೂಡ ನೋಡಲಿಲ್ಲ. "ನಿಮ್ಮ ಕುದುರೆನೇ ಕೇಳಿ ನೋಡಿ, ಅದಕ್ಕೆ ಗೊತ್ತಿರುತ್ತೆ" ಅಂದಳು. ನಾನು ರೇಗಿದೆ. ರೇಗೋದು ನನಗೆ ಮೊದಲಿಂದ ಸುಲಭ. ಅವಳು ಕೈ ಒರೆಸಿಕೊಂಡು ಬಂದು ಹೇಳಿದಳು: "ರೀ, ಅವರು ಕರೆ ಮಾಡೋದು ಎಲ್ಲಿಂದ ಗೊತ್ತಾ? ಆ ಮನೆ ಒಳಗೆ ಟವರ್ ಸಿಗಲ್ಲ. ದಿನಾ ಕೊಡೆ ಹಿಡ್ಕೊಂಡು ಅಂಗಳದ ತುದಿಗೆ ಬಂದು ನಿಂತು ಮಾತಾಡ್ತಾರೆ. ಹೋಗಿ ನೀವೇ ಕೇಳಿ." ಇದು ನನಗೆ ಗೊತ್ತಿರಲಿಲ್ಲ. ಅಕ್ಕ ಯಾವಾಗಲಾದರೂ ಹೇಳಿದ್ದಳೋ ಏನೋ.

ಕೇಳೋಕೆ ಹೋದೆ, ಬಾಯಿ ಬರಲಿಲ್ಲ. ದಿನಾ ಸಂಜೆ ಟಿವಿ ಆಫ್ ಮಾಡಿ ಫೋನ್ ಕಿವಿಗೇ ಹಿಡಿದು ಕೂತೆ, ಮಾತಲ್ಲಿ ಎಲ್ಲಾದರೂ ಸುಳಿವು ಸಿಗುತ್ತಾ ಅಂತ. ಚಪ್ಪರಕ್ಕೆ ಸೀರಿಯಲ್ ಸೆಟ್ ದೀಪ ಹಾಕಿಸೋ ಕೆಲಸ ಇರಬಹುದಾ? ಅದಕ್ಕೆ ಯಾರೂ ಅಳಲ್ಲ. "ಅದಕ್ಕೆ ಏನೇನು ತಗೋಬೇಕಕ್ಕ?" ಅಂತ ಒಂದು ಗಾಳ ಹಾಕಿ ನೋಡಿದೆ. "ಎಲೆ ಅಡಿಕೆ ಸಾಕು ಕಣೋ, ನೀನು ಹೋಗಿ ನಿಂತರೆ ಅದೇ ದೊಡ್ಡದು" ಅಂದಳು. ಎಲ್ಲಿ ಹೋಗಿ ನಿಲ್ಲಬೇಕು? ಆಟದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹಳದಿ ಚುಕ್ಕೆ ಬಂದಿರ್ತಿತ್ತು. ನಾನು ಇಂಗು ತಿಂದ ಮಂಗನ ಹಾಗೆ ಕೂತಿದ್ದೆ.

ಕೊನೆಗೆ ಭಾವನೇ ಫೋನ್ ಮಾಡಿದರು. ಬಾಯಿ ಬಿಡದ ಮನುಷ್ಯ, ಯಾವತ್ತೂ ಅವರಾಗಿ ಫೋನ್ ಮಾಡಿದವರಲ್ಲ. "ಭಾನುವಾರ ಚೆಟ್ಟಳ್ಳಿಗೆ ಹೋಗ್ತೀಯಲ್ಲ ಮಾರಾಯ?" ಅಂದರು. "ನಿನ್ನ ತಮ್ಮ ಅವತ್ತು ಜೀಪಿಗೆ ರಜ ಹಾಕಿ ಮನೆಯಲ್ಲೇ ಇರ್ತಾನಂತೆ. ನೀನೇ ಬಂದು ಮದುವೆಗೆ ಕರೀತೀಯ ಅಂತ ಅಕ್ಕ ಹೇಳಿಬಿಟ್ಟಿದ್ದಾಳೆ."

ತಮ್ಮನಿಗೂ ನನಗೂ ಮಾತು ಬಿಟ್ಟು ವರ್ಷಗಳೇ ಆಗಿವೆ. ಅಪ್ಪನ ತಿಥಿಯ ದಿನ ಅವನು ತಡವಾಗಿ ಬಂದ. ದಾರಿಯಲ್ಲಿ ಮರ ಬಿದ್ದಿತ್ತಂತೆ, ಆಮೇಲೆ ಗೊತ್ತಾಯ್ತು. ನಾನು ಯಾಕೆ ಏನು ಅಂತ ಕೇಳದೆ, ನೆಂಟರೆಲ್ಲ ಎಲೆ ಮುಂದೆ ಕೂತಿರೋವಾಗ, "ಊಟಕ್ಕೆ ಸರಿಯಾಗಿ ಬಂದ್ಯಲ್ಲ" ಅಂದುಬಿಟ್ಟೆ. ಕೂರೋಕೆ ಬಾಗಿದ್ದ ಅವನು ನೆಟ್ಟಗಾಗಿ, ಇನ್ನೂ ಬಡಿಸದ ಎಲೆಗೆ ಕೈ ಮುಗಿದು ಹೊರಟುಹೋದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನಗೂ ಅದು ಗೊತ್ತು, ಆದರೆ ಹಿರಿಯ ನಾನು, ಅವನೇ ಬರಲಿ ಅಂತ ಕೂತೆ. ನಮ್ಮಲ್ಲಿ ಮನಸ್ತಾಪ ಇರೋ ಮನೆಗೆ ಫೋನಲ್ಲಿ ಕರೆದರೆ ಕರೆದ ಹಾಗಲ್ಲ, ಮನೆಯ ಹಿರಿಯ ಎಲೆ ಅಡಿಕೆ ಹಿಡ್ಕೊಂಡು ಬಾಗಿಲಿಗೆ ಹೋಗಬೇಕು. ಮದುವೆ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋದು ಸೋದರಮಾವಂದಿರು. ಇಬ್ಬರೂ ಇರಬೇಕು ಅಂತ ಅಕ್ಕನ ಆಸೆ. ಅದಕ್ಕೆ ಅವಳು ಕೇಳಿದ್ದು ಇದನ್ನ.

ಆಗಲ್ಲ ಅಂತ ಹೇಳೋಕೆ ಬಾಯಿ ತೆರೆದೆ. ಆಗಲ್ಲ ಅನ್ನಬೇಕಾದರೆ, ಅವತ್ತು ನಾನು ಕೇಳಿಸಿಕೊಂಡೇ ಇರಲಿಲ್ಲ ಅನ್ನಬೇಕು. ಯಾಕೆ ಅಂದರೆ ಟಿವಿಯಲ್ಲಿ ಕುದುರೆ ಓಡಿಸ್ತಿದ್ದೆ ಅನ್ನಬೇಕು. ಈ ವಯಸ್ಸಲ್ಲಿ, ಭಾವನ ಹತ್ತಿರ. "ಹೋಗ್ತೀನಿ ಭಾವ" ಅಂದೆ. ತಮ್ಮನ ಮೇಲೆ ಪ್ರೀತಿ ಉಕ್ಕಿ ಹೋದೆ ಅಂತ ಯಾರೂ ತಿಳ್ಕೋಬೇಡಿ. ನಾಚಿಕೆಗೆ ಹೋದೆ.

ಭಾನುವಾರ ಎಲೆ ಅಡಿಕೆ, ಸುಣ್ಣದ ಪೊಟ್ಟಣ, ಬಾಳೆಹಣ್ಣು ಕಟ್ಟಿಕೊಂಡು ಹೊರಟೆ. ಸುಂಟಿಕೊಪ್ಪದಲ್ಲಿ ಬಸ್ಸಿಗೆ ಕಾದೂ ಕಾದೂ ಚೆಟ್ಟಳ್ಳಿ ಸೇರಿ, ಎಸ್ಟೇಟಿನ ಕಾಲುದಾರಿಯಲ್ಲಿ ಅವನ ಕ್ವಾರ್ಟರ್ಸ್ ಹುಡುಕೋ ಹೊತ್ತಿಗೆ ಒಳಗಿಂದ ಸಾರಿನ ಒಗ್ಗರಣೆ ವಾಸನೆ ಬಂತು. ಆಗ ಹೊಳೀತು, ನಾನು ಊಟಕ್ಕೆ ಸರಿಯಾಗಿ ಬಂದಿದ್ದೀನಿ. ವಾಪಸ್ ಹೋಗಿ ಎಲ್ಲಾದರೂ ಒಂದು ತಾಸು ನಿಂತು ಬರೋಣ ಅಂದ್ಕೊಂಡೆ. ಅಷ್ಟರಲ್ಲಿ ಅವನು ನನ್ನನ್ನ ನೋಡಿಬಿಟ್ಟಿದ್ದ. ಜೀಪಿನ ಪಕ್ಕ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿದೆ, ಥೇಟ್ ಅಪ್ಪ. ಅವನು ಆ ಮಾತನ್ನ ನನಗೆ ತಿರುಗಿಸಿ ಕೊಡಬಹುದಿತ್ತು, ಕೊಟ್ಟಿದ್ದರೆ ನ್ಯಾಯವೇ. ಅವನು ನನ್ನ ಕಾಲು ನೋಡಿದ.

"ಅಣ್ಣ, ಜಿಗಣೆ ಹತ್ತಿದೆ. ಅಲ್ಲಾಡಬೇಡ" ಅಂದ.

ನನ್ನ ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ, ಕುಕ್ಕರುಗಾಲಲ್ಲಿ ಕೂತು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ನನ್ನ ಹಿಮ್ಮಡಿಗೆ ಹಚ್ಚಿದ. ಜಿಗಣೆ ಕಳಚಿ ಬಿತ್ತು. ರಕ್ತ ನಿಲ್ಲೋವರೆಗೂ ಅವನು ಅಲ್ಲೇ ಹೆಬ್ಬೆರಳು ಒತ್ತಿ ಹಿಡಿದಿದ್ದ. ಅವನ ತಲೆ ನನ್ನ ಮಂಡಿ ಹತ್ತಿರ ಇತ್ತು. ಅಲ್ಲೇ ನಿಂತ ಹಾಗೇ ಮದುವೆಗೆ ಬಾ ಅಂತ ಕರೆದೆ. ಏನೇನೋ ಯೋಚಿಸಿಕೊಂಡು ಬಂದಿದ್ದೆ, ಎರಡು ಮಾತಷ್ಟೇ ಬಂತು.

ಊಟಕ್ಕೆ ಕೂತಾಗ ಅವನು ನಿಧಾನಕ್ಕೆ ಹೇಳಿದ. "ಅಕ್ಕ ಹೇಳಿದಾಗ ನಾನು ನಂಬಲಿಲ್ಲ ಅಣ್ಣ. ಕೇಳಿದ ಕೂಡಲೇ, ಒಂದು ಗಳಿಗೆ ಯೋಚನೆ ಮಾಡದೆ ಆಯ್ತು ಅಂದ್ಯಂತೆ. ನಾನಾಗಿದ್ದರೆ ಯೋಚನೆ ಮಾಡ್ತಿದ್ದೆ. ಅದನ್ನ ಕೇಳಿದ ಮೇಲೆ ಇಷ್ಟು ವರ್ಷದಲ್ಲಿ ನಾನೇ ಬರಬೇಕಿತ್ತು ಅನ್ನಿಸ್ತು." ಹೇಳಿ ತಲೆ ತಗ್ಗಿಸಿಕೊಂಡು ಅನ್ನ ಕಲೆಸಿದ. ನಾನು "ಅವತ್ತು ನಾನು..." ಅಂತ ಶುರು ಮಾಡಿದೆ. ಅವನ ಹೆಂಡತಿ "ಸ್ವಲ್ಪ ಸಾರು ಹಾಕ್ಲಾ ಭಾವ?" ಅಂತ ಬಂದಳು. ಹಾಕಮ್ಮ ಅಂದೆ. ಮಾತು ಅಲ್ಲಿಗೇ ನಿಂತಿತು, ನಾನೂ ನಿಲ್ಲಿಸಿಬಿಟ್ಟೆ.

ಮದುವೆ ಚೆನ್ನಾಗಿ ಆಯ್ತು. ಅಕ್ಕನ ಮಗಳ ಒಂದು ಕಡೆ ನಾನು, ಇನ್ನೊಂದು ಕಡೆ ತಮ್ಮ ನಿಂತು ಮಂಟಪಕ್ಕೆ ಕರ್ಕೊಂಡು ಬಂದೆವು. ಅಕ್ಕ ಬಂದವರಿಗೆಲ್ಲ ಹೇಳೋದೇ ಹೇಳೋದು, "ನನ್ನ ತಮ್ಮ ಒಂದೇ ಮಾತಿಗೆ ಒಪ್ಕೊಂಡ" ಅಂತ. ನಾನು ತಲೆ ತಗ್ಗಿಸಿದರೆ, ಎಷ್ಟು ವಿನಯ ನೋಡಿ ಅಂದರು. ಡಬ್ಬಿಯನ್ನ ಅಟ್ಟಕ್ಕೆ ಹಾಕಿದ್ದೀನಿ ಅಂತ ಹೇಳಿದರೆ ಸುಳ್ಳಾಗುತ್ತೆ. ಈಗಲೂ ಆಡ್ತೀನಿ, ಅಕ್ಕನ ಫೋನ್ ಬಂದರೆ ಆಫ್ ಮಾಡ್ತೀನಿ, ಅಷ್ಟೇ.

ಮದುವೆಯ ದಿನ ಊಟದ ಪಂಕ್ತಿ ಮುಗಿದ ಮೇಲೆ ಭಾವ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ವೀಳ್ಯದೆಲೆ ಮಡಿಸ್ತಾ ಹೇಳಿದರು: "ನಿನ್ನ ಹತ್ರ ಕೇಳೋ ಮುಂಚೆ ಅವಳು ಎಷ್ಟು ದಿನ ಅಂಗಳದಲ್ಲಿ ಕೊಡೆ ಹಿಡ್ಕೊಂಡು ಒಬ್ಬಳೇ ಮಾತಾಡ್ತಿದ್ದಳು ಗೊತ್ತುಂಟಾ? ಹಿಂಗೆ ಕೇಳಲಾ, ಹಂಗೆ ಕೇಳಲಾ ಅಂತ. ಎಲ್ಲಿ ತಪ್ಪಿ ನೀನು ಫೋನ್ ಇಟ್ಟುಬಿಡ್ತೀಯೋ ಅಂತ ಹೆದರಿಕೆ. ಮಳೆಗೆ ನಂಗೆ ಒಂದೂ ಕೇಳಿಸ್ಲಿಲ್ಲ. ಕಡೆಗೆ ಏನಂತ ಕೇಳಿದಳು ಮಾರಾಯ, ನೀನು ಒಂದೇ ಮಾತಿಗೆ ಒಪ್ಪೋ ಹಾಗೆ?"

ಆಚೆ ಅಕ್ಕ ತಮ್ಮನ ಭುಜ ಹಿಡ್ಕೊಂಡು ಏನೋ ಹೇಳಿ ನಗ್ತಿದ್ದಳು.

"ಚೆನ್ನಾಗಿ ಕೇಳಿದಳು ಭಾವ" ಅಂದೆ.

ಅವರು ಎಲೆ ಬಾಯಿಗೆ ಹಾಕಿಕೊಳ್ಳದೆ, ನಾನು ಮುಂದೆ ಹೇಳ್ತೀನಿ ಅಂತ ಕಾಯ್ತಾ ಕೂತಿದ್ದರು.