ಹಕ್ಕಿಮನೆಗೆ ಆರಿಸಿದ ಗಿಡ

ಮೊನ್ನೆ ಪಕ್ಕದ ಮನೆಯವರು ಒಂದು ಜೋಡಿ ಗಿಳಿ ತಂದರು. ಪಂಜರ ಚಿಕ್ಕದಾಯಿತೆಂದು ಹಿತ್ತಲಲ್ಲಿ ತಂತಿಬಲೆ ಹೊಡೆಸಿ, ಒಳಗೆ ನಾಲ್ಕು ಹಸಿರು ಗಿಡಗಳಿದ್ದರೆ ಹಕ್ಕಿಗಳಿಗೆ ಕಾಡಿನ ನೆನಪಾದರೂ ಉಳಿಯುತ್ತದೆಂದು ಯೋಚಿಸಿ, ಯಾವ ಗಿಡ ನೆಟ್ಟರೆ ಒಳ್ಳೆಯದೆಂದು ಕೇಳಲು ನನ್ನ ಜಗಲಿಗೆ ಬಂದು ಕುಳಿತರು. ಈ ಬೀದಿಯಲ್ಲಿ ಗಿಡಬಳ್ಳಿಯ ಮಾತು ಬಂದರೆ ಜನ ಬರುವುದು ನನ್ನ ಬಳಿಗೇ. ವರ್ಷಾನುಗಟ್ಟಲೆ ಶಾಲೆಯಲ್ಲಿ ಮಕ್ಕಳಿಗೆ ಎಲೆ, ಬೇರು, ಹೂವುಗಳ ಪಾಠ ಹೇಳಿದವನು ನಾನು. ಆದರೆ ಅಂದು ಬೇರೆ ಯಾರನ್ನಾದರೂ ಕೇಳಿ ಎಂದು ಹೇಳಿ ಎದ್ದು ಒಳಗೆ ಹೋದೆ. ಅವರು ನೊಂದುಕೊಂಡಿರಬೇಕು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ಗೆಳೆಯರೆ. ಮುಖ ಕಾಣದವರ ಮುಂದೆ ಬಾಯಿಬಿಡುವುದು ಸುಲಭ. ಸುಲಭವಾದದ್ದನ್ನು ಹುಡುಕಿಕೊಂಡು ಮಾಡುವುದು ನನ್ನ ಹಳೆಯ ಚಾಳಿ.

ನಮ್ಮ ಮಾತಿನಲ್ಲಿ 'ಆರಿಸು' ಎಂಬುದೊಂದು ವಿಚಿತ್ರ ಪದ. ಬುಟ್ಟಿಯಿಂದ ಒಳ್ಳೆಯ ಹೂವನ್ನು ಆರಿಸುತ್ತೇವೆ, ಅಕ್ಕಿಯಿಂದ ಕಲ್ಲನ್ನು ಆರಿಸುತ್ತೇವೆ, ಕಾದ ಹಾಲನ್ನು ಆರಿಸುತ್ತೇವೆ, ಉರಿಯುವ ದೀಪವನ್ನೂ ಆರಿಸುತ್ತೇವೆ. ಆಯ್ಕೆಗೂ ಕತ್ತಲೆಗೂ ಒಂದೇ ಪದವನ್ನು ಇಟ್ಟ ಹಿರಿಯರು ಏನು ಕಂಡಿದ್ದರೋ ತಿಳಿಯದು. ನಾನು ಆರಿಸಿದ್ದು ಒಂದು ಗಿಡ.

ನಮ್ಮದು ಚಿತ್ರದುರ್ಗದಲ್ಲಿ ಅರಳೆ ವ್ಯಾಪಾರದ ಮನೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಅಣ್ಣ ನೋಡುತ್ತಿದ್ದ, ಮನೆಯನ್ನು ಅವ್ವ ಆಳುತ್ತಿದ್ದಳು. ಅತ್ತಿಗೆ ನೀಲಮ್ಮನವರು ಹೊಸದುರ್ಗದ ಕಡೆಯ ಮಾಡದಕೆರೆಯಿಂದ ಬಂದವರು. ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಮದುವೆಯಾಗಿ ಒಂಬತ್ತು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಅಣ್ಣನಿಗೆ ಇನ್ನೊಂದು ಮದುವೆ ಮಾಡಬೇಕೆಂದು ಅವ್ವ ಆಗಾಗ ಮಾತು ತೆಗೆಯುತ್ತಿದ್ದಳು. ಅಣ್ಣ ಮೆತ್ತನೆಯ ಮನುಷ್ಯ. ಆದರೆ ಆ ಒಂದು ವಿಷಯದಲ್ಲಿ ಮಾತ್ರ, "ಅವಳು ಇರೋವಾಗ ಇನ್ನೊಬ್ಬಳು ಬ್ಯಾಡ ಬಿಡವ್ವ" ಎಂದು ಎದ್ದು ಹೋಗುತ್ತಿದ್ದ.

ಅದು ಹಿರಿಯೂರಿನ ಹತ್ತಿರ ಮಾರಿಕಣಿವೆಯ ಕಟ್ಟೆ ಕಟ್ಟುತ್ತಿದ್ದ ಕಾಲ. ಆ ಕೆಲಸದ ಮೇಲಿದ್ದ ಇಂಗ್ಲಿಷ್ ದೊರೆಯೊಬ್ಬರು ವರ್ಗವಾಗಿ ಹೋಗುವಾಗ, ಪರಿಚಯದ ಮೇಲೆ ತಮ್ಮ ತಂತಿಬಲೆಯ ಹಕ್ಕಿಮನೆಯನ್ನೂ ಅದರಲ್ಲಿದ್ದ ಎಂಟು ಗಿಳಿಗಳನ್ನೂ ಅಣ್ಣನಿಗೆ ಕೊಟ್ಟರು. ಒಬ್ಬ ಆಳು ನಿಂತು ಓಡಾಡುವಷ್ಟು ದೊಡ್ಡ ಗೂಡು ಅದು. ಹಿತ್ತಲಿನಲ್ಲಿ ಬಾವಿಯ ಪಕ್ಕಕ್ಕೆ ಅದನ್ನು ನಿಲ್ಲಿಸಿದೆವು. ಅಣ್ಣ ಅದನ್ನು ತಂದದ್ದು ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಧ್ಯಾಹ್ನದ ಕೆಲಸ ಮುಗಿಸಿ ಅತ್ತಿಗೆ ಅದರೊಳಗೆ ಹೋಗಿ ಕುಳಿತರೆ ಗಿಳಿಗಳು ಅವರ ಹೆಗಲ ಮೇಲೆ, ಮಂಡಿಯ ಮೇಲೆ ಬಂದು ಕೂರುತ್ತಿದ್ದವು. ಆ ಮನೆಯಲ್ಲಿ ಅವರು ನಗುತ್ತಿದ್ದುದನ್ನು ನಾನು ಕಂಡದ್ದು ಆ ಬಲೆಯ ಒಳಗೆ ಮಾತ್ರ.

ಗೂಡಿನೊಳಗೆ ಬರೀ ಮಣ್ಣಿತ್ತು. ಅಲ್ಲಿ ಏನಾದರೂ ಹಸಿರು ಬೆಳೆಸಬೇಕೆಂಬುದು ಅತ್ತಿಗೆಯ ಆಸೆ. ನಾನಾಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ರಜೆಗೆಂದು ಊರಿಗೆ ಹೊರಟವನು ಗಿಡ ಮಾರುವವನೊಬ್ಬನ ಬಳಿ ನಾಲ್ಕು ಗಿಡಗಳನ್ನು ಆರಿಸಿ, ಹೊಳಲ್ಕೆರೆಯವರೆಗೆ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಅಲ್ಲಿಂದ ಗಾಡಿಯಲ್ಲಿ ಒಂದೆಲೆಯೂ ಬಾಡದಂತೆ ತಂದೆ. ಉದ್ದನೆಯ ದಪ್ಪ ಎಲೆ, ಗುಲಾಬಿಯಂತೆ ಪದರ ಪದರವಾದ ನಸುಗೆಂಪು ಹೂ. ಮಾರಿದವನು ಹೇಳಿದ ಇಂಗ್ಲಿಷ್ ಹೆಸರನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ಅತ್ತಿಗೆ ಒಂದೆಲೆಯನ್ನು ಹಿಡಿದು ನೋಡಿದರು. "ಇದು ಕಣಗಿಲೆ ಜಾತಿದು ಅಲ್ವೇನ್ರಿ?"

"ಕಣಗಿಲೆಗೆ ಐದು ಎಸಳು. ಇದಕ್ಕೆ ಎಷ್ಟಿವೆ ಎಣಿಸಿ. ಇದು ಬೇರೆ ದೇಶದ ಗಿಡ."

"ಎಸಳು ಎಷ್ಟಾರ ಇರ್ಲಿ, ಎಲೆ ಅದೇ ಐತೆ. ನಮ್ಮೂರ ಹಳ್ಳದ ದಂಡೇಲಿ ಬೇಕಾದಷ್ಟು ಅವೆ, ಆಡು ಕೂಡ ಅದಕ್ಕೆ ಬಾಯಿ ಹಾಕಲ್ಲ. ಗಿಳಿ ಸುಮ್ನೆ ಕುಂತ್ಕಳೋ ಜೀವ ಅಲ್ಲ, ಸಿಕ್ಕಿದ್ದೆಲ್ಲ ಕಡೀತೈತೆ. ಕಡಿದ್ರೂ ಕೆಡುಕಾಗದ ಗಿಡ ಹಾಕಾಣ. ದಾಸವಾಳ ಹಾಕಾಣ, ಒಂದು ನುಗ್ಗೆ ಕೊಂಬೆ ಊರಾಣ, ಕೆಳಗೆ ಗರಿಕೆ ಬಿಡಾಣ."

ಹಕ್ಕಿ ಸಾಕುವವನು ಗಿಡದ ಬಗ್ಗೆ ತಿಳಿಯಬೇಕಾದದ್ದು ಅಷ್ಟೇ. ಆ ಹೆಂಗಸು ಒಂದೇ ಉಸಿರಿನಲ್ಲಿ ಅದನ್ನು ಹೇಳಿ ಮುಗಿಸಿದ್ದರು. ನನಗೆ ಮಾತ್ರ ದಾಸವಾಳ, ನುಗ್ಗೆ, ಗರಿಕೆ ಎಂಬ ಹೆಸರುಗಳು ಎಷ್ಟು ಬಡವಾಗಿ ಕೇಳಿಸಿದವೆಂದರೆ, ನಕ್ಕುಬಿಟ್ಟೆ. ಪುಸ್ತಕದಲ್ಲಿ ಓದಿದ್ದೇನೆ, ಇದರಿಂದ ಯಾವ ಅಪಾಯವೂ ಇಲ್ಲ ಎಂದೆ. ಯಾವ ಪುಸ್ತಕದಲ್ಲಿಯೂ ನಾನು ಓದಿರಲಿಲ್ಲ. ನಾನು ಗಿಡಗಳನ್ನು ನೆಟ್ಟೆ. ಅಂದಿನಿಂದ ಅವರು ದಿನಾ ಬೆಳಿಗ್ಗೆ ಹಸಿ ಸೀಬೆಯ ಕೊಂಬೆಗಳನ್ನು ಮುರಿದು ತಂದು ಗೂಡಿನೊಳಗೆ ಕಟ್ಟತೊಡಗಿದರು. ಗಿಳಿಗಳು ಅವನ್ನು ಕಡಿಯುತ್ತ ನನ್ನ ಗಿಡಗಳ ಸುದ್ದಿಗೆ ಹೋಗಲಿಲ್ಲ. ನೋಡಿ, ಏನೂ ಆಗಲಿಲ್ಲವಲ್ಲ ಎಂದು ನಾನು ಬೀಗಿದೆ. ಯಾರ ಎಚ್ಚರದಿಂದ ಏನೂ ಆಗಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಹದಿನೈದು ದಿನಗಳ ಮೇಲೆ ಅತ್ತಿಗೆ ತಮ್ಮನ ಮದುವೆಗೆಂದು ತವರಿಗೆ ಹೊರಟರು. ಗಾಡಿ ಹತ್ತುವ ಮುನ್ನ ನನಗೆ ಹೇಳಿದ್ದು ಒಂದೇ ಮಾತು: "ದಿನಾ ಎರಡು ಸೀಬೆ ಕೊಂಬೆ ಹಾಕ್ರಿ. ಮರೀಬ್ಯಾಡ್ರಿ." ಮೊದಲ ದಿನ ಹಾಕಿದೆ. ಆಮೇಲೆ ಗೆಳೆಯರು ಸಿಕ್ಕರು, ಕೋಟೆ ಹತ್ತಿದೆವು, ಹರಟೆ ಹೊಡೆದೆವು. ಕಾಳು, ನೀರು ಹಾಕುತ್ತಿದ್ದೆ, ಕೊಂಬೆ ಮರೆತೇಹೋಯಿತು.

ಐದನೆಯ ದಿನ ಬೆಳಿಗ್ಗೆ ಅತ್ತಿಗೆ ಬಂದು ಕಾಲು ತೊಳೆದವರೇ ಗೂಡಿಗೆ ಹೋದರು. ಎರಡು ಗಿಳಿಗಳು ಪುಕ್ಕ ಕೆದರಿಕೊಂಡು ನೆಲದ ಮೇಲೆ ಕುಳಿತಿದ್ದವು. ಅವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ನೀರು ಕುಡಿಸಲು ನೋಡಿದರು. ಅವರ ಕೈಯಲ್ಲೇ ಕತ್ತು ವಾಲಿತು. ಮಿಕ್ಕವೂ ಒಂದೊಂದಾಗಿ ಕೊಂಬೆಯಿಂದ ಜಾರಿದವು. ಹೊತ್ತು ಇಳಿಯುವಷ್ಟರಲ್ಲಿ ಎಂಟೂ ಸತ್ತಿದ್ದವು. ನಾನು ಬಲೆಯ ಹೊರಗೆ ನಿಂತು ನೋಡಿದ್ದು ಹಕ್ಕಿಗಳನ್ನಲ್ಲ, ನನ್ನ ಗಿಡಗಳನ್ನು. ನಾಲ್ಕರ ತೊಗಟೆಯೂ ಬುಡದಿಂದ ತುದಿಯವರೆಗೆ ಸುಲಿದು ಹೋಗಿ, ಒಳಗಿನ ಬಿಳಿ ಕಾಣುತ್ತಿತ್ತು.

ಅವ್ವ ಹಿತ್ತಲ ಬಾಗಿಲಿಗೆ ಬಂದಳು. ಹಿಂದೆ ಅಣ್ಣನೂ ಇದ್ದ.

"ನಾಕು ದಿನ ಇವಳು ಇರ್ಲಿಲ್ಲ, ಎಲ್ಲ ಚೆನ್ನಾಗೇ ಇದ್ದವು. ಇವಳು ಬಂದು ಕೈಯಿಟ್ಟಳು, ಎಲ್ಲ ಸತ್ತವು. ಬಂಜೆ ಕೈ ಕಣಪ್ಪ ಅದು. ಆ ಕೈಯಾಗೆ ಏನೂ ಬದುಕಲ್ಲ."

ಅತ್ತಿಗೆ ಸತ್ತ ಗಿಳಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ತಲೆಯೆತ್ತಿದರು. "ಅತ್ತೆವ್ವ, ಆ ಗಿಡದ ತೊಗಟೆ ನೋಡ್ರಿ, ಎಲ್ಲ ಕಡಿದಾವೆ. ಅದು ಕಣಗಿಲೇನೇ. ಅದರಾಗೆ ವಿಷ ಐತೆ."

ಅವ್ವ ನನ್ನ ಕಡೆ ತಿರುಗಿದಳು. "ಏನಪ್ಪ, ನೀನು ಓದಿದವನು. ತಂದವನೂ ನೀನೇ. ಆ ಗಿಡದಾಗೆ ವಿಷ ಐತೇನು?"

"ಇಲ್ಲ," ಅಂದೆ.

ಎರಡೇ ಅಕ್ಷರ. ಆ ಮಾತನ್ನು ಆಡಿದಾಗ ಮೂವರ ಕಣ್ಣೂ ನನ್ನ ಮೇಲಿದ್ದವು. ಅವ್ವನ ಕಣ್ಣಿನಲ್ಲಿ ಗೆದ್ದ ಹೊಳಪಿತ್ತು. ಅಣ್ಣ ಕಣ್ಣು ತೆಗೆದು ನೆಲ ನೋಡಿದ. ಅತ್ತಿಗೆ ನನ್ನನ್ನು ಮಾತ್ರ ನೋಡುತ್ತಿದ್ದರು, ಸಿಟ್ಟಿಲ್ಲದೆ, ಇವನು ಇಂಥವನೇ ಎಂದು ಈಗ ತಾನೇ ಗುರುತು ಹಿಡಿದವರ ಹಾಗೆ. ಮರುದಿನ ಯಾರೂ ಇಲ್ಲದ ಹೊತ್ತು ನೋಡಿ ನಾನು ಆ ನಾಲ್ಕು ಗಿಡಗಳನ್ನೂ ಬೇರು ಸಮೇತ ಕಿತ್ತು ದೂರ ಒಯ್ದು ಎಸೆದೆ. ವಿಷವಿಲ್ಲದ ಗಿಡವನ್ನು ಯಾಕೆ ಕಿತ್ತೆ ಎಂದು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಇದಾದ ಮೇಲೆ ಅವ್ವ ಮದುವೆಯ ಮಾತೆತ್ತಿದಾಗ ಅಣ್ಣ ಎದ್ದು ಹೋಗಲಿಲ್ಲ. ಅವ್ವನಿಗೆ ಬೇಕಾಗಿದ್ದದ್ದು ಒಂದು ನೆಪ, ಗಿಳಿ ಸಾಯದಿದ್ದರೆ ಎಮ್ಮೆಯ ಹಾಲು ಬತ್ತಿದರೂ ಸಾಕಾಗುತ್ತಿತ್ತು ಎಂದು ನೀವು ನನಗೆ ಸಮಾಧಾನ ಹೇಳಬಹುದು. ನಾನೂ ಎಷ್ಟೋ ವರ್ಷ ಹಾಗೆಯೇ ಹೇಳಿಕೊಂಡೆ. ಆದರೆ ಒಂಬತ್ತು ವರ್ಷ ಅವಳಿಗೆ ಸಿಗದಿದ್ದ ನೆಪವನ್ನು ಕೈಯಾರೆ ಕೊಟ್ಟವನು ನಾನೇ. ತಾಳ್ಯದ ಕಡೆಯಿಂದ ಗಿರಿಜಮ್ಮ ಎಂಬ ಹದಿನಾರರ ಹುಡುಗಿ ಸೊಸೆಯಾಗಿ ಬಂದಳು. ಮದುವೆಯ ಅಡುಗೆಗೆ ನಿಂತವರು ಅತ್ತಿಗೆ. ಖಾಲಿ ಗೂಡಿನಲ್ಲಿ ಸೌದೆ ಒಟ್ಟಿದರು.

ಆರು ವರ್ಷ ಕಳೆಯಿತು. ಗಿರಿಜಮ್ಮನಿಗೂ ಮಕ್ಕಳಾಗಲಿಲ್ಲ. ಕೊರತೆ ಯಾರದೆಂದು ಈಗ ಯಾರಿಗಾದರೂ ತಿಳಿಯಬಹುದಿತ್ತು. ನಮ್ಮ ಮನೆಯಲ್ಲಿ ಯಾರೂ ಆ ಮಾತಾಡಲಿಲ್ಲ. ನಾನು ದುರ್ಗದಲ್ಲೇ ಮೇಷ್ಟ್ರಾಗಿ, ಅದೇ ಮನೆಯಲ್ಲಿ ಅತ್ತಿಗೆ ಬಡಿಸಿದ್ದನ್ನು ಉಣ್ಣುತ್ತಿದ್ದೆ. ಒಂದು ದಿನ ಹಿತ್ತಲಲ್ಲಿ ಎಳಗರು ಹೊಟ್ಟೆ ಉಬ್ಬಿ ಸತ್ತುಬಿದ್ದಿತು. ಬೆಳಿಗ್ಗೆ ಅದನ್ನು ಮೈದಡವಿ ಕಟ್ಟಿದವಳು ಗಿರಿಜಮ್ಮ. ಅವ್ವ ಅದೇ ಬಾಗಿಲಲ್ಲಿ ನಿಂತು, ಅದೇ ದನಿಯಲ್ಲಿ ಶುರು ಮಾಡಿದಳು: "ಇನ್ನೊಂದು ಬಂಜೆ ಕೈ..."

ಹುಡುಗಿ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಿಗೆ ಕೈಲಿದ್ದ ಕೊಡವನ್ನು ಕೆಳಗಿಟ್ಟರು.

"ಅವಳನ್ನ ಅನ್ನಬ್ಯಾಡ್ರಿ ಅತ್ತೆವ್ವ. ಮಧ್ಯಾಹ್ನ ಕರ ಬಿಚ್ಚಿದವಳು ನಾನು. ನೀರು ಸೇದ್ತಾ ಮೈಮರೆತೆ, ಅದು ಬೇಲಿ ಹಾರಿ ಎಳೇ ಜೋಳದ ಪೈರು ಮೇಯ್ತು, ಹೊಟ್ಟೆ ಉಬ್ಬಿದ್ದು ಅದಕ್ಕೇಯ. ತಪ್ಪು ನಂದು. ಬೈಯೋದಾದ್ರೆ ನನ್ನ ಬೈರಿ."

ಅವ್ವ ಬೈದಳು, ಬಾಯಿ ಸೋಲುವವರೆಗೂ ಬೈದಳು. ಅತ್ತಿಗೆ ನಿಂತು ಕೇಳಿಸಿಕೊಂಡು ಮತ್ತೆ ಕೊಡ ಎತ್ತಿಕೊಂಡು ಒಳಗೆ ಹೋದರು. ನಿಜ ಹೇಳುವುದಕ್ಕೆ ಹಿಡಿಯುವ ಹೊತ್ತು ಅಷ್ಟೇ ಎಂದು ನನಗೆ ಅಂದು ಗೊತ್ತಾಯಿತು. ಆ ಹೊತ್ತನ್ನು ನಾನು ಆರು ವರ್ಷದಿಂದ ಮುಂದೂಡುತ್ತ ಬಂದಿದ್ದೆ.

ಮಾರನೆಯ ದಿನ ಮಧ್ಯಾಹ್ನ ಅವರು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ ಹೋಗಿ ಎದುರು ನಿಂತೆ.

"ಅತ್ತಿಗೆ, ಆ ಗಿಡದಲ್ಲಿ ವಿಷ ಇತ್ತು. ಅವತ್ತೇ ನನಗೆ ಗೊತ್ತಾಗಿತ್ತು."

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀವು ಅವನ್ನ ಕಿತ್ತು ಹೊತ್ಕೊಂಡು ಹೋಗಿದ್ದು ನಾನು ನೋಡಿದ್ದೆ."

"ಅಂದು ನಾನು ಸುಳ್ಳು ಹೇಳಬಾರದಿತ್ತು. ಎಷ್ಟು ವರ್ಷದಿಂದ ಇದು ನನ್ನ ಎದೆಯಲ್ಲಿ..."

"ನನಗ್ಯಾಕೆ ಹೇಳ್ತೀರಿ?" ಅಂದರು. ದನಿ ಏರಲಿಲ್ಲ. "ನನಗೆ ಗೊತ್ತಿರೋದನ್ನ ನನಗೇ ಹೇಳಿ ನೀವು ಹಗುರಾಗ್ತೀರಿ, ಅಷ್ಟೇಯ. ಹೇಳೋದಾದ್ರೆ ಕೇಳಿದವರಿಗೆ ಹೇಳ್ರಿ. ಅವತ್ತು ಕೇಳಿದವರು ನಿಮ್ಮವ್ವ. ಪಡಸಾಲೇಲೇ ಕುಂತವ್ರೆ, ಹೋಗ್ರಿ."

ಹೋದೆ. ಹಿತ್ತಲಿನಿಂದ ಪಡಸಾಲೆಗೆ ಇಪ್ಪತ್ತು ಹೆಜ್ಜೆ. ಅವ್ವ ಕಂಬಕ್ಕೆ ಒರಗಿ ಹತ್ತಿ ಬಿಡಿಸುತ್ತಿದ್ದಳು. ಕಣ್ಣು ಮಂಜಾಗಿತ್ತು, ಕೈ ಬಳಲಿತ್ತು, ಹೆದರಬೇಕಾದದ್ದು ಅವಳಲ್ಲಿ ಏನೂ ಉಳಿದಿರಲಿಲ್ಲ. ಹೆಜ್ಜೆಯ ಸದ್ದಿಗೆ ತಲೆಯೆತ್ತಿ, "ಏನಪ್ಪ?" ಅಂದಳು.

ನನ್ನ ಬಾಯಿ ತೆರೆಯಿತು. ಹಿಂದೆ ಹಿತ್ತಲಲ್ಲಿ ಅವರೆ ಸುಲಿಯುವ ಸದ್ದು ನಿಂತಿತ್ತು.

"ಏನಿಲ್ಲವ್ವ, ಬಾಯಾರಿಕೆ ಆಗಿತ್ತು. ಒಂಚೂರು ನೀರು ಬೇಕಿತ್ತು," ಅಂದೆ.

ಅವ್ವ ಹಿತ್ತಲ ಕಡೆ ತಿರುಗಿ, "ಲೇ ನೀಲಿ, ಸಣ್ಣೋನಿಗೆ ನೀರು ತಾರೇ" ಎಂದು ಕೂಗಿದಳು. ಅತ್ತಿಗೆ ಕೈ ತೊಳೆದುಕೊಂಡು ಬಂದು ಚೊಂಬನ್ನು ನನ್ನ ಮುಂದೆ ಹಿಡಿದರು. ಅವರ ಮುಖ ನೋಡದೆ ಅಷ್ಟನ್ನೂ ಕುಡಿದೆ. ಖಾಲಿ ಚೊಂಬನ್ನು ಹಿಡಿದುಕೊಂಡು ಅವರು ಒಳಗೆ ಹೋದರು.