ಸಾಲವಿಲ್ಲದವಳ ಮೈನಸ್ ಒಂದು

ನಮ್ಮಪ್ಪ ಗದಗ ಕಡೆಯ ಒಂದು ಸಣ್ಣ ಊರಿನಲ್ಲಿ ಟೇಲರ್. ಕಿರಾಣಿ ಅಂಗಡಿಯಲ್ಲಿ ಒಂದು ದಿನವೂ ಉದ್ರಿ ಬರೆಸಿದವರಲ್ಲ. ಹೊಲಿಗೆ ಯಂತ್ರವನ್ನೂ ಪೂರ್ತಿ ರೊಕ್ಕ ಕೂಡಿಸಿಕೊಂಡ ಮೇಲೆಯೇ ಕೊಂಡವರು. ಅವರ ಮಗಳಾದ ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ವೈಟ್‌ಫೀಲ್ಡಿನ ಒಂದು ಐಟಿ ಪಾರ್ಕಿನ ಮೇಂಟೆನೆನ್ಸ್ ವಿಭಾಗ ಸೇರಿ, ಪಟ್ಟಂದೂರು ಅಗ್ರಹಾರದಲ್ಲಿ ರೂಮು ಹಿಡಿದಾಗ ಭೂಮಿಯ ಮೇಲೆ ಯಾರಿಗೂ ಒಂದು ರೂಪಾಯಿ ಬಾಕಿ ಇರಲಿಲ್ಲ. ಅದು ನನ್ನ ಹೆಮ್ಮೆ. ಒಡವೆ ಇಲ್ಲದ ನಾನು ಅದನ್ನೇ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದೆ.

ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಸ್ಕೂಟರ್ ಶೋರೂಮಿನಲ್ಲಿ. ಕಂಪನಿಯವರು ನನ್ನನ್ನು ಕಾಡುಗೋಡಿಯ ಆಚೆಯ ಕಟ್ಟಡಕ್ಕೆ ವರ್ಗ ಮಾಡಿದ್ದರು. ದಿನವೂ ಆಟೋದವರ ಜೊತೆ ಜಗಳವಾಡಿ ಸಾಕಾಗಿ, ಒಂದು ಸ್ಕೂಟರ್ ತೆಗೆದುಕೊಳ್ಳೋಣ ಎಂದುಕೊಂಡೆ. ಉಳಿತಾಯವೆಲ್ಲ ಬ್ಯಾಂಕಿನ ಎಫ್‌ಡಿಯಲ್ಲಿತ್ತು. ಅದನ್ನು ಮುರಿಯಲು ಮನಸ್ಸಾಗದೆ, ಜೀವನದಲ್ಲಿ ಮೊದಲ ಬಾರಿಗೆ ಲೋನ್ ಕೇಳಿದೆ. ಲೋನ್ ನೋಡಿಕೊಳ್ಳುವ ಹುಡುಗ ಕಂಪ್ಯೂಟರ್ ಒತ್ತಿ, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ.

"ಮೇಡಂ, ನಿಮ್ಮ ಕ್ರೆಡಿಟ್ ಸ್ಕೋರ್ ಮೈನಸ್ ಒಂದು ತೋರಿಸ್ತಿದೆ."

"ಮೈನಸ್ಸಾ? ನಾನು ಯಾರಿಗೂ ಬಾಕಿ ಇಟ್ಟಿಲ್ಲ!"

"ಅದೇ ಪ್ರಾಬ್ಲಂ ಮೇಡಂ. ನೀವು ಸಾಲಾನೇ ಮಾಡಿಲ್ಲ. ಕೊಟ್ರೆ ತೀರಿಸ್ತೀರೋ ಇಲ್ವೋ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಪರೀಕ್ಷೆಗೇ ಹೋಗದವನಿಗೂ ಸೊನ್ನೆ ಕೊಡುತ್ತಾರೆ. ನನಗೆ ಅದಕ್ಕಿಂತ ಒಂದು ಕಡಿಮೆ!

ಮರುದಿನ ಕಂಟ್ರೋಲ್ ರೂಮಿನಲ್ಲಿ ಈ ಅನ್ಯಾಯವನ್ನು ನನ್ನ ಜೊತೆ ಏಸಿ ವಿಭಾಗ ನೋಡಿಕೊಳ್ಳುವ ಸಹೋದ್ಯೋಗಿಗೆ ಹೇಳಿಕೊಂಡೆ. ಅದೇ ತಪ್ಪಾಯಿತು. ಬೈಕು, ಫೋನು, ಕೈಗಡಿಯಾರ, ಮನೆಯ ಸೋಫಾ, ಎಲ್ಲವನ್ನೂ ಕಂತಿನಲ್ಲೇ ಕೊಂಡು, ಎಲ್ಲ ಕಂತನ್ನೂ ತಪ್ಪದೆ ಕಟ್ಟುವ ಆಸಾಮಿ ಅವನು. ತನ್ನ ಸ್ಕೋರನ್ನು ತೋರಿಸಿದ: ಒಂಬೈನೂರಕ್ಕೆ ಏಳುನೂರ ಎಂಬತ್ತು ಚಿಲ್ಲರೆ.

"ಸಾಲ ಮಾಡೋದೂ ಒಂದು ಕಲೆ ಗುರು. ನಿಮ್ಮಪ್ಪ ನಿನಗೆ ಕಲಿಸ್ಲೇ ಇಲ್ಲ" ಎಂದ. ಅಲ್ಲಿಂದ ನಾನು 'ಮೈನಸ್ ಮೇಡಂ' ಆದೆ. ವಾರ ತುಂಬುವುದರೊಳಗೆ ಗೇಟಿನ ಸೆಕ್ಯೂರಿಟಿಯವನೂ "ಗುಡ್ ಮಾರ್ನಿಂಗ್ ಮೈನಸ್ ಮೇಡಂ" ಎಂದು ಸೆಲ್ಯೂಟ್ ಹೊಡೆಯತೊಡಗಿದ.

ಅವನ ಸ್ಕೋರನ್ನು ದಾಟಿಯೇ ಸಿದ್ಧ ಎಂದು ನಾನು ಬ್ಯಾಂಕಿಗೆ ಹೋದೆ. ಅಲ್ಲಿದ್ದ ಅಧಿಕಾರಿ, ಕನ್ನಡಕವನ್ನು ಸರದಂತೆ ಕೊರಳಿಗೆ ಇಳಿಬಿಟ್ಟುಕೊಂಡ ಹೆಂಗಸು, ನನ್ನ ಕಥೆ ಕೇಳಿ ನಗಲಿಲ್ಲ. ಎಫ್‌ಡಿಯನ್ನೇ ಅಡ ಇಟ್ಟುಕೊಂಡು ಒಂದು ಕ್ರೆಡಿಟ್ ಕಾರ್ಡ್ ಕೊಡಿಸಿದರು. "ತಿಂಗಳಿಗೆ ಸ್ವಲ್ಪ ಸ್ವಲ್ಪ ಉಪಯೋಗಿಸಿ, ತಪ್ಪದೆ ಕಟ್ಟಿ. ಸ್ಕೋರ್ ತಾನೇ ಹುಟ್ಟುತ್ತೆ" ಎಂದರು. ಅಂದರೆ ನನ್ನದೇ ದುಡ್ಡನ್ನು ಇಟ್ಟು, ನನ್ನದೇ ದುಡ್ಡಿನ ಧೈರ್ಯದ ಮೇಲೆ ಸಾಲ ಮಾಡಿ, ಮತ್ತೆ ನನ್ನದೇ ದುಡ್ಡಿನಿಂದ ತೀರಿಸಿ, ನಂಬಿಕಸ್ಥಳು ಎನ್ನಿಸಿಕೊಳ್ಳಬೇಕು!

ಮೊದಲ ಸಾಲ ಜೋಳದ ಹಿಟ್ಟಿನದು. ಸೂಪರ್ ಮಾರ್ಕೆಟ್ಟಿನಲ್ಲಿ ಕಾರ್ಡು ಉಜ್ಜಿ ಹೊರಬರುವಾಗ ಕಳ್ಳತನ ಮಾಡಿದವಳಂತೆ ಹಿಂದೆ ಮುಂದೆ ನೋಡಿದೆ. ಬಾಗಿಲು ದಾಟುವ ಮೊದಲೇ ಫೋನಿನಲ್ಲಿ ಅಷ್ಟೂ ಹಣ ವಾಪಸ್ ಕಟ್ಟಿದೆ. ಇದನ್ನು ಕೇಳಿದ ಸಹೋದ್ಯೋಗಿ ತಲೆ ಚಚ್ಚಿಕೊಂಡ.

"ಬಿಲ್ ಬರೋಕ್ಮುಂಚೆನೇ ಕಟ್ಬಿಟ್ರೆ ನೀನು ಸಾಲ ಮಾಡಿದ್ದು ಅವ್ರಿಗೆ ಗೊತ್ತಾಗೋದೇ ಇಲ್ಲ ಗುರು! ಬಿಲ್ ಬರ್ಲಿ, ಆಮೇಲೆ ಕಟ್ಟು. ಅಲ್ಲೀವರ್ಗೂ ಸಾಲಗಾರಳಾಗಿ ಬದುಕೋದು ಅಭ್ಯಾಸ ಮಾಡ್ಕೋ."

ಅಭ್ಯಾಸ ಮಾಡಿಕೊಂಡೆ. ಸಾಲದ ರೊಟ್ಟಿ ಮೊದಮೊದಲು ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಬದನೆಕಾಯಿ ಎಣ್ಣೆಗಾಯಿ ಜೊತೆ ಸಲೀಸಾಗಿ ಇಳಿಯಿತು. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮೈನಸ್ ಹೋಗಿ, ಏಳುನೂರರ ಮೇಲಿನ ಅಂಕಿ ಬಂದು ಕೂತಿತ್ತು. ಕಂಟ್ರೋಲ್ ರೂಮಿಗೆ ಧಾರವಾಡ ಪೇಡೆ ಹಂಚಿದೆ. ಸೆಕ್ಯೂರಿಟಿಯವನು ಪೇಡೆ ತಿಂದು "ಥ್ಯಾಂಕ್ಸ್ ಪ್ಲಸ್ ಮೇಡಂ" ಎಂದ.

ಈ ಸಂತೋಷದಲ್ಲಿದ್ದಾಗಲೇ ನಮ್ಮ ಓನರ್ ಆಂಟಿ ಮೆಟ್ಟಿಲು ಹತ್ತಿ ಬಂದರು. ಅವರು ಅಗ್ರಹಾರದ ಹಳೇ ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಕೆಳಗೆ ಇನ್ನೂ ಒಂದು ಹಸು ಕಟ್ಟಿಕೊಂಡಿದ್ದರು.

"ಏನವ್ವ, ನಿನ್ತಾವ ಅದೇನೋ ಕಾರ್ಡು ಐತಂತಲ್ಲ? ಅದ್ರಾಗೆ ತಗೊಂಡ್ರೆ ಟೀವಿ ಕಮ್ಮಿಗೆ ಕೊಡ್ತಾರಂತೆ. ನಂಗೊಂದು ದೊಡ್ಡದು ತರ್ಸ್ಕೊಡು. ದುಡ್ಡು ಈಗ್ಲೇ ಇಸ್ಕೋ" ಎಂದು ಸೆರಗಿನ ಗಂಟು ಬಿಚ್ಚಿದರು.

ದುಡ್ಡು ಕೈಗೇ ಬಂದಿದೆ, ಇದರಲ್ಲೇನು ಕಷ್ಟ ಎಂದು ಟೀವಿ ತರಿಸಿಕೊಟ್ಟೆ. ಕಾರ್ಡಿನ ಮಿತಿ ಹೆಚ್ಚುಕಡಿಮೆ ಪೂರ್ತಿ ಖಾಲಿಯಾಯಿತು. ಬಿಲ್ಲು ಬಂದ ದಿನವೇ ಪೂರ್ತಿ ಕಟ್ಟಿದೆ. ಆದರೂ ಮುಂದಿನ ಸಲ ನೋಡಿದಾಗ ಸ್ಕೋರು ಏಳುನೂರರ ಕೆಳಗೆ ಜಾರಿತ್ತು. ಆಂಟಿಯ ಹಜಾರದಲ್ಲಿ ಹೊಸ ಟೀವಿಯ ಮುಂದೆ ಕೂತು ಇದನ್ನು ಹೇಳಿದೆ. ಅವರು ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿ ಚಪ್ಪಲಿ ಮೆಟ್ಟಿದರು.

"ನಡಿ ಬ್ಯಾಂಕ್ ತಾವ. ನಾನು ಕೇಳ್ತೀನಿ."

ಬೇಡ ಎಂದರೂ ಕೇಳಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರನ್ನೆಲ್ಲ ದಾಟಿ ಹೋಗಿ ಅದೇ ಅಧಿಕಾರಿಯ ಮುಂದೆ ನಿಂತರು.

"ಏನ್ರೀ ಮೇಡಂ, ಟೀವಿ ನೋಡ್ತಿರೋಳು ನಾನು. ದುಡ್ಡು ಕೊಟ್ಟೋಳೂ ನಾನು. ಈ ಮಗೀಗ್ಯಾಕೆ ಮಾರ್ಕ್ಸ್ ಕಿತ್ಕೊಂಡ್ರಿ?"

"ಅಮ್ಮಾ, ನಾವು ಕಿತ್ಕೊಳ್ಳಲ್ಲ. ಲಿಮಿಟ್ ಪೂರ್ತಿ ಖರ್ಚು ಮಾಡಿದ್ರೆ, ಈ ಹುಡುಗಿಗೆ ದುಡ್ಡಿಗೆ ತುಂಬ ಕಷ್ಟ ಇದೆ ಅಂತ ಕಂಪ್ಯೂಟರ್ ಅಂದ್ಕೊಳ್ಳುತ್ತೆ."

"ಕಷ್ಟಾನಾ? ದಿನಾ ತುಪ್ಪ ಹಾಕ್ಕೊಂಡು ತಿಂತಾಳೆ! ನಮ್ಮ ಹಸೂಂದೇ ತುಪ್ಪ. ಬರ್ಕೊಳ್ರೀ ಅದ್ರಾಗೆ."

ಕಾಯುತ್ತಿದ್ದವರೆಲ್ಲ ನಕ್ಕರು. ನನಗೆ ಕುರ್ಚಿಯ ಕೆಳಗೆ ತೂರಿಕೊಳ್ಳೋಣ ಎನಿಸಿತು. ಅಧಿಕಾರಿ ಮಾತ್ರ ತಾಳ್ಮೆಯಿಂದ ಬಿಡಿಸಿ ಹೇಳಿದರು: ಮಿತಿಯ ಮೂರರಲ್ಲಿ ಒಂದು ಪಾಲು ದಾಟದಂತೆ ಖರ್ಚು ಮಾಡಬೇಕು; ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಆಸೆ ತೋರಿಸಿದರೂ ಪೂರ್ತಿಯೇ ಕಟ್ಟಬೇಕು; ಹೀಗೆ ಇದ್ದರೆ ಇಳಿದದ್ದು ಮತ್ತೆ ಏರುತ್ತದೆ. ಆಂಟಿ ಅದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡರು. ಅಂದಿನಿಂದ ಬಿಲ್ಲಿನ ಸಮಯ ಬಂತೆಂದರೆ ಹಾಲು ಕರೆಯುತ್ತಲೇ ಕೆಳಗಿನಿಂದ ಕೂಗುತ್ತಿದ್ದರು: "ಸಾಲ ಕಟ್ಟಿದ್ಯೇನವ್ವಾ?" ನಾಲ್ಕೂ ಅಂತಸ್ತಿನವರಿಗೆ ನಾನು ದೊಡ್ಡ ಸಾಲಗಾರಳೆಂದು ಖಾತ್ರಿಯಾಯಿತು. ಪಕ್ಕದ ರೂಮಿನ ಅಕ್ಕ ಒಂದು ದಿನ ಅನುಕಂಪದಿಂದ ಹುಳಿ ಕೊಟ್ಟುಹೋದಳು. ರುಚಿಯಾಗಿದ್ದುದರಿಂದ ನಾನು ಏನನ್ನೂ ತಿದ್ದಲಿಲ್ಲ.

ಸ್ಕೋರು ನಿಧಾನವಾಗಿ ಮತ್ತೆ ಏರಿತು. ಸಹೋದ್ಯೋಗಿಯನ್ನು ದಾಟಲಿಲ್ಲ, ಇವತ್ತಿಗೂ ದಾಟಿಲ್ಲ. ಸ್ಕೂಟರಿಗೆ ಮಾತ್ರ ಸಾಕಾಯಿತು. ಹೂವಿನ ಹಾರ ಹಾಕಿದ ಗಾಡಿಯ ಫೋಟೋವನ್ನು ಊರಿಗೆ ಕಳಿಸಿದೆ. ಅಪ್ಪ ಫೋನ್ ಮಾಡಿದರು.

"ಪೂರ್ತಿ ರೊಕ್ಕ ಕೊಟ್ಟಿಯೇನವಾ?"

"ಇಲ್ಲಪ್ಪಾ, ಕಂತಿನ ಮ್ಯಾಲ ತಗೊಂಡೀನಿ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಆಮೇಲೆ, "ಹಂಗಾರ ಈಗ ಯಾವ ಗಾಲಿ ನಮ್ಮದು, ಮುಂದಿಂದೋ ಹಿಂದಿಂದೋ?" ಎಂದು ಕೇಳಿ ತಾವೇ ನಕ್ಕರು. ನನಗೆ ಉಸಿರು ಬಂತು.

ಆಂಟಿ ಮಾತ್ರ ಈ ವಿದ್ಯೆಯನ್ನು ಅಲ್ಲಿಗೇ ಬಿಡಲಿಲ್ಲ. ರೂಮು ಕೇಳಿಕೊಂಡು ಬರುವವರಿಗೆಲ್ಲ ಗೇಟಿನಲ್ಲೇ, "ಸ್ಕೋರ್ ಎಷ್ಟಪ್ಪಾ?" ಎನ್ನಲು ಶುರುಮಾಡಿದರು. ಮೊನ್ನೆ ಒಬ್ಬ ಇಂಜಿನಿಯರ್ ಖುಷಿಯಿಂದ ಫೋನು ತೋರಿಸಿದ. ಎಂಟುನೂರು ದಾಟಿತ್ತು. ಆಂಟಿ ರೂಮು ಇಲ್ಲ ಎಂದುಬಿಟ್ಟರು. ಅವನ ಹಿಂದೆಯೇ ಬಂದ, ಆಗಷ್ಟೇ ಕೆಲಸಕ್ಕೆ ಸೇರಿದ, ಸ್ಕೋರೇ ಇಲ್ಲದ ಹುಡುಗಿಗೆ ಬೀಗದ ಕೈ ಕೊಟ್ಟರು.

"ಆಂಟಿ, ಉಲ್ಟಾ ಮಾಡಿದ್ರಿ. ಜಾಸ್ತಿ ಇದ್ರೆ ಒಳ್ಳೇದು" ಎಂದೆ.

"ನಂಗೊತ್ತು ಸುಮ್ಕಿರವ್ವ. ಆವಯ್ಯ ಬ್ಯಾಂಕ್ನೋರಿಗೆ ಒಂದಿನಾನೂ ತಪ್ಪಿಸ್ದೆ ಕಟ್ತಾನೆ. ಅಷ್ಟೂ ಕಂತು ಕಟ್ಟಿ ಮುಗಿಸಿದ್ಮೇಲೆ ನನ್ನ ಬಾಡಿಗೇಗೆ ಏನ್ ಉಳೀತದೆ?"

ಆಂಟಿ ಹಸುವಿಗೆ ಹುಲ್ಲು ಹಾಕಲು ಹೋದರು.