ಕರುವಿನ ಗಂಟಿನ ಗುಡಾರ

ಚಿಕ್ಕಬಾಣಾವರದ ರೈಲು ಹಳಿಯಾಚೆಯ ಬೈರಪ್ಪನ ವಂಶವೆಂದರೆ ಸಾಮಾನ್ಯದ್ದಲ್ಲ. ಮುತ್ತಾತ ಮುನಿಬೈರಪ್ಪ, ಪ್ಲೇಗು ಬಂದ ಕಾಲದಲ್ಲಿ ಊರಿಗೆ ಊರನ್ನೇ ಎಬ್ಬಿಸಿಕೊಂಡು ಹೋಗಿ, ತೋಪಿನಲ್ಲಿ ಜೋಪಡಿ ಹಾಕಿಸಿ ಎಲ್ಲರ ಜೀವ ಉಳಿಸಿದವನು. ಉಳಿಯದವರ ಸುದ್ದಿಯನ್ನು ಮನೆಯವರು ಎತ್ತುವುದಿಲ್ಲ. ತಾತ ಕೆಂಚಪ್ಪ, ರಾಗಿ ಹೊಲದ ಅಟ್ಟಣೆಯ ಮೇಲೆ ಕಾವಲು ಮಲಗಿ ಬರಿಗೈಲಿ ಕಾಡುಹಂದಿ ಓಡಿಸಿದವನು. ಅಪ್ಪ ಹನುಮಂತಪ್ಪ, ಬಿರುಗಾಳಿಗೂ ಬಗ್ಗದ ಗುಡಿಸಲು ಕಟ್ಟಿ ಸುತ್ತಮುತ್ತಲ ಊರಿನವರು ನೋಡಲು ಬರುವಂತೆ ಮಾಡಿದವನು. ಇಂಥ ವಂಶದಲ್ಲಿ ಹುಟ್ಟಿದ ಬೈರಪ್ಪನ ಸಾಹಸವೆಂದರೆ, ಹಿತ್ತಿಲಲ್ಲಿ ಶೀಟಿನ ಮನೆಗಳ ಸಾಲೊಂದನ್ನು ಎಬ್ಬಿಸಿ, ಪೀಣ್ಯದ ಕಾರ್ಖಾನೆಗೆ ಹೋಗುವವರಿಗೆ ಬಾಡಿಗೆಗೆ ಕೊಟ್ಟಿದ್ದು. ಅದನ್ನೂ ಕಟ್ಟಿದವನು ಮೇಸ್ತ್ರಿ. ಬೈರಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ.

ಆದರೂ ಹೊರಬೀಡನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಪ್ಲೇಗಿನ ನೆನಪಿಗೆ ವರ್ಷಕ್ಕೊಂದು ದಿನ ಒಲೆ ಹಚ್ಚದೆ, ಮನೆಗೆ ಬೀಗ ಹಾಕಿ, ಊರಾಚೆ ಅಡುಗೆ ಮಾಡಿ ಉಂಡು, ಅಲ್ಲೇ ತಂಗಿ ಬರುವ ಪದ್ಧತಿ ಅದು. ಊರು ಬೆಂಗಳೂರಿನ ಹೊಟ್ಟೆ ಸೇರಿದ ಮೇಲೆ ಮಿಕ್ಕವರೆಲ್ಲ ಕೈಬಿಟ್ಟರು. ಬೈರಪ್ಪನ ಮನೆಯವರು ಮಾತ್ರ ಬೇಸಿಗೆ ರಜೆಯಲ್ಲಿ ತಮ್ಮ ನೀಲಗಿರಿ ತೋಪಿಗೆ ಹೋಗುತ್ತಿದ್ದರು. ಮೊಮ್ಮಕ್ಕಳು ಅದಕ್ಕೆ ಕ್ಯಾಂಪಿಂಗ್ ಎಂದು ಹೆಸರಿಟ್ಟಿದ್ದರು. ಬೈರಪ್ಪ ಬೇಸರಪಡಲಿಲ್ಲ. ಹೊರಬೀಡು ಎಂದರೆ ಹೊದ್ದು ಮಲಗುವ ಮಕ್ಕಳು ಕ್ಯಾಂಪಿಂಗ್ ಎಂದರೆ ಕೋಳಿಗಿಂತ ಮೊದಲೇ ಏಳುತ್ತಿದ್ದವು.

ಮಗನ ಮಗ ಲಿಖಿತ್ ಅಜ್ಜ ಅಜ್ಜಿಯ ಜೊತೆಯಲ್ಲೇ ಇದ್ದವನು. ಮಗಳು ಭಾಗ್ಯಮ್ಮನ ಮಕ್ಕಳು ಹೇಮಂತ, ಪೂರ್ವಿ ಕಾಡುಗೋಡಿಯವರು. ಊರು ಒಂದೇ ಬೆಂಗಳೂರಾದರೂ ನಡುವೆ ಅರ್ಧ ದಿನದ ಟ್ರಾಫಿಕ್ಕು. ಹಾಗಾಗಿ ಜಗಳ, ಗುಟ್ಟು ಎಲ್ಲವನ್ನೂ ವರ್ಷವಿಡೀ ಕೂಡಿಟ್ಟು ಹೊರಬೀಡಿಗೆ ತರುತ್ತಿದ್ದರು. ಲಿಖಿತ್ ಗೋಲಿಯಾಡಲು ಪೀಣ್ಯದ ಬೇರಿಂಗ್ ಗುಂಡು ತಂದರೆ, ಹೇಮಂತ ಉಪ್ಪುಖಾರ ಹಚ್ಚಿದ ಹುಣಸೆಕಾಯಿ ತರುತ್ತಿದ್ದ. ಗುಡಾರದಲ್ಲಿ ಮೂವರಿಗೂ ಒಂದೇ ಹೊದಿಕೆ. ನರಿ ಬರುತ್ತದೆಂದು ಪೂರ್ವಿ ನಡುವೆ. ತೋಪಿನ ಪಕ್ಕ ಬರುತ್ತಿದ್ದದ್ದು ಸಿಮೆಂಟ್ ಲಾರಿಗಳು. ಆದರೂ ಹುಡುಗರಿಬ್ಬರೂ ನರಿಯಿಂದ ಅವಳನ್ನು ಕಾಯುತ್ತಿದ್ದರು.

ಎರಡು ಸಾವಿರದ ಹನ್ನೆರಡರ ಬೇಸಿಗೆಯಲ್ಲಿ ಲಿಖಿತನ ತಾಯಿ ಶ್ಯಾಮಲಾ ತೋಪಿಗೆ ಬಂದಿಳಿದವಳೇ ಒಂದು ಮಾತು ತೆಗೆದಳು.

"ಮಾವ, ಹೋದ್ಸಲ ನಿಮ್ ಗುಡಾರ ಸಾರಿನ ಪಾತ್ರೆ ಮೇಲೇ ಬಿತ್ತು. ಈ ಸಲಾನೂ ಬಿದ್ರೆ ಮುಂದಿನ್ ವರ್ಷ ರೆಸಾರ್ಟಿಗೆ. ಅಲ್ಲಿ ಒಂದೊಂದ್ ಫ್ಯಾಮಿಲಿಗೆ ಒಂದೊಂದ್ ಟೆಂಟು, ಒಳಗೆ ಫ್ಯಾನ್ ಬೇರೆ."

ಮಕ್ಕಳ ಮುಖ ಸಣ್ಣದಾಯಿತು. ಬೇರೆ ಬೇರೆ ಟೆಂಟೆಂದರೆ ಒಂದೇ ಹೊದಿಕೆಯೂ ಇಲ್ಲ, ನರಿಯೂ ಇಲ್ಲ.

"ಬೀಳಾದಾ? ಅನುಮಂತಪ್ಪನ ಮಗ ಕಟ್ಟಿದ್ದು ಬೀಳಾದಾ?" ಎಂದ ಬೈರಪ್ಪ.

"ಹೋದ್ಸಲ ಕಟ್ಟಿದ್ದು ಯಾರ್ ಮಗ?" ಎಂದಳು ಹೆಂಡತಿ ಭದ್ರಮ್ಮ, ಒಲೆ ಊದುತ್ತ.

ಗುಡಾರಕ್ಕೆ ಬಟ್ಟೆಯೆಂದರೆ ಯಾರೋ ಯುವ ಮುಖಂಡನ ಹುಟ್ಟುಹಬ್ಬದ ಹಳೆಯ ಫ್ಲೆಕ್ಸು. ಬೈರಪ್ಪ ಬಿದಿರು ಗಳ ನಿಲ್ಲಿಸಿ, ಫ್ಲೆಕ್ಸು ಹೊದಿಸಿ, ಹಗ್ಗಗಳನ್ನು ಮರಗಳಿಗೆ ಬಿಗಿದ. ಕೈಮುಗಿದ ಮುಖಂಡ ಇಳಿಜಾರಿನಲ್ಲಿ ಮಲಗಿ ನಗುತ್ತಿದ್ದ. "ಆನೆ ಬಂದ್ ಗುದ್ದಿದ್ರೂ ಅಲ್ಲಾಡಕಿಲ್ಲ," ಎಂದು ಬೈರಪ್ಪ ಬೀಡಿ ಹಚ್ಚಿದ.

ಆನೆಯೇನೋ ಬರಲಿಲ್ಲ. ಆದರೆ ಬೈರಪ್ಪನಿಗೆ ಬರುತ್ತಿದ್ದದ್ದು ಒಂದೇ ಗಂಟು, ಕರು ಕಟ್ಟುವ ಜೀರುಗುಣಿಕೆ. ಹಾಲು ಕರೆಯುವ ಹೊತ್ತಿಗೆ ತುದಿ ಹಿಡಿದು ಜಗ್ಗಿದರೆ ಸಾಕು, ಬಿಚ್ಚಿಕೊಂಡು ಕರು ಕೆಚ್ಚಲಿಗೆ ಓಡಬೇಕು. ಕೊನೆಯ ಹಸು ಮಾರಿ ಎಷ್ಟೋ ವರ್ಷವಾಗಿತ್ತು. ಕೈ ಮಾತ್ರ ಇನ್ನೂ ಕರುವನ್ನೇ ಕಟ್ಟುತ್ತಿತ್ತು. ನೇತಾಡುವ ಹಗ್ಗದ ತುದಿ ಕಂಡರೆ ಪೂರ್ವಿ ಸುಮ್ಮನಿರುತ್ತಾಳೆಯೇ? ಜಗ್ಗಿದಳು. ಗಂಟು ತನ್ನ ಧರ್ಮ ಬಿಡಲಿಲ್ಲ.

ಊಟಕ್ಕೆ ಎಲೆ ಹಾಕುತ್ತಿದ್ದ ಶ್ಯಾಮಲಾ ತಿರುಗಿ ನೋಡುವಾಗ ಗುಡಾರ ಒಂದು ಮಗ್ಗುಲು ಕುಸಿದು, ಮತ್ತೆ ತಾನಾಗಿ ಎದ್ದು ನಿಂತಿತು.

"ನೋಡ್ದೇನವ್ವಾ? ಗಾಳಿ ಬಂದ್ರೆ ಬಗ್ತದೆ, ಓದ್ರೆ ಏಳ್ತದೆ. ಇದು ನಮ್ಮಪ್ಪನ್ ಇದ್ಯೆ!"

"ಗಾಳಿ ಎಲ್ಲಿಂದ ಬಂತು ಮಾವ? ಹಾಕಿರೋ ಎಲೆನೇ ಅಲ್ಲಾಡ್ಲಿಲ್ಲ."

ಬೈರಪ್ಪ ಕೇಳಿಸಿಕೊಳ್ಳಲಿಲ್ಲ. ಅವನ ಮಾತು ಆಗಲೇ ಅಪ್ಪನ ಗುಡಿಸಲಿನಿಂದ ತಾತನ ಅಟ್ಟಣೆಗೆ ಹತ್ತಿತ್ತು. ಅಷ್ಟರಲ್ಲಿ ಭದ್ರಮ್ಮ ನಾಟಿಕೋಳಿ ಸಾರು, ಮುದ್ದೆಗೆಂದು ಮಕ್ಕಳನ್ನು ಕೂಗಿದಳು.

"ಹಸಿವಿಲ್ಲಾ ಅಜ್ಜಿ!" ಗುಡಾರದೊಳಗಿಂದ ಮೂರು ಕಂಠ.

ಕೋಳಿ ಸಾರಿಗೆ ಹಸಿವಿಲ್ಲ ಎನ್ನುವವರು ಆ ವಂಶದಲ್ಲಿ ಹುಟ್ಟಿರಲಿಲ್ಲ. ಬೈರಪ್ಪ ತಿರುಗಿ ನೋಡಿದ. ಮುಖಂಡನ ಒಂದು ಕೆನ್ನೆ, ಹಲ್ಲುನೋವು ಬಂದವರ ಹಾಗೆ ಊದಿಕೊಂಡಿತ್ತು. ನೋಡುತ್ತಿದ್ದಂತೆ ಕೆನ್ನೆ ಅತ್ತಿಂದಿತ್ತ ಸರಿಯಿತು. ಮಕ್ಕಳಿಗೆ ತಾನೇ ಕೊಡುತ್ತೇನೆಂದು ತಟ್ಟೆ ಹಿಡಿದುಕೊಂಡು ಬೈರಪ್ಪ ಒಳಗೆ ತೂರಿದ.

ಹುಡುಗರಿಬ್ಬರೂ ಗಳಕ್ಕೆ ಜೋತುಬಿದ್ದಿದ್ದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತ ಪೂರ್ವಿಯ ತಲೆ ಮುಖಂಡನ ಕೆನ್ನೆಯಲ್ಲಿತ್ತು.

"ಬಾಗ್ಲು ಮುಚ್ಚು ತಾತ, ಅಮ್ಮ ನೋಡ್ತಾಳೆ!" ಎಂದ ಲಿಖಿತ್.

"ನಾನ್ ಎಳೀಲಿಲ್ಲ. ಅದೇ ಬಂತು," ಎಂದಳು ಪೂರ್ವಿ.

"ಲೋ ಭಾವ, ಕೈ ಬಿದ್ದೋಗ್ತಿದೆ ಕಣೋ," ಎಂದು ಹೇಮಂತ ನರಳಿದ.

"ಬಿಟ್ರೆ ರೆಸಾರ್ಟು ಕಣೋ! ಹಿಡ್ಕೊ!"

ಬೈರಪ್ಪನಿಗೆ ನಾಚಿಕೆಯೂ ಬಂತು, ನಗುವೂ ಬಂತು. ಇಷ್ಟು ಹೊತ್ತು ಅವನು ಹೊರಗೆ ಕೂತು ಹೊಗಳಿಕೊಂಡ ವಂಶದ ವಿದ್ಯೆ, ಒಳಗೆ ಬಕೆಟ್ಟಿನ ಮೇಲೆ ನಿಂತಿತ್ತು. ಹಗ್ಗ ಎಳೆದುಕೊಂಡು ಮತ್ತೆ ಕಟ್ಟಲು ಹೋದ. ಕೈ ಪುನಃ ಕರುವಿನ ಗಂಟನ್ನೇ ಹಾಕಿತು. ಥೂ ಎಂದುಕೊಂಡು ಹಗ್ಗವನ್ನು ಸೊಂಟಕ್ಕೆ ಸುತ್ತಿ, ಬಾಗಿಲಲ್ಲಿ ತಾನೇ ಗೂಟವಾಗಿ ಕೂತ. ಮುದ್ದೆ ಮುರಿದು, ಸಾರಿಗೆ ಅದ್ದಿ, ಒಬ್ಬೊಬ್ಬರ ಬಾಯಿಗೆ ಇಡತೊಡಗಿದ. ತನಗೆ ತೊಡೆಯ ತುಂಡು ಬಂದಾಗ ಲಿಖಿತ್, "ಅದು ಭಾವಂಗೆ ಕೊಡು ತಾತ, ಅವ್ನ್ ಕಡೆ ಭಾರ ಜಾಸ್ತಿ," ಎಂದ.

ಫ್ಲೆಕ್ಸಿನಾಚೆ ಹೆಜ್ಜೆ ಸದ್ದಾಯಿತು. ಮಕ್ಕಳು ಅಗಿಯುವುದನ್ನೇ ನಿಲ್ಲಿಸಿದರು.

"ಮಾವ," ಶ್ಯಾಮಲಾ ನಗು ತಡೆದುಕೊಂಡು ಮಾತಾಡುತ್ತಿದ್ದಳು. "ಬಿದ್ದಿಲ್ಲ ಅಂತ ಒಪ್ಕೊಂಡೆ. ಮುಂದಿನ್ ವರ್ಷಾನೂ ಇಲ್ಲಿಗೇ ಬರೋಣ. ಈಗ್ಲಾದ್ರೂ ನಾನೊಂದ್ ಕಡೆ ಹಿಡ್ಕೊಳ್ಳಾ?"

ಬೈರಪ್ಪ ಸೊಂಟದ ಹಗ್ಗ ಬಿಗಿ ಮಾಡಿಕೊಂಡು ಕೆಮ್ಮಿದ.

"ಬ್ಯಾಡ ಕಣವ್ವಾ. ಬೇಕಾರೆ ಇನ್ನೊಂದ್ ಮುದ್ದೆ ಕೊಡು, ಕೈ ಮಾತ್ರ ಕೊಡ್ಬ್ಯಾಡ."